ಗೋಡೆಯಿಂದ ಗುಮ್ಮಟದವರೆಗೆ: ವಿಜಯಪುರದಲ್ಲಿ ಒಂದು ಸುತ್ತಾಟ

ವಿಜಯಪುರಕ್ಕೆ ಬರುವವರಲ್ಲಿ ಬಹಳಷ್ಟು ಜನ ಬೆಳಿಗ್ಗೆ ಬಸ್ಸಿಳಿದು, ಗೋಳಗುಮ್ಮಟ ಹತ್ತಿ, ಒಂದಿಷ್ಟು ಕೂಗಿ ಇಳಿಯುತ್ತಾರೆ. ಸಮಯ ಇದ್ದವರು ಇಬ್ರಾಹಿಂ ರೋಜಾ ನೋಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬಾದಾಮಿಯ ದಾರಿ. ಅಲ್ಲಿಗೆ ಊರು ಮುಗಿಯಿತು ಅಂತ ಲೆಕ್ಕ.

ಆದರೆ ಇದು ಸುಮಾರು 200 ವರ್ಷ ಒಂದು ರಾಜ್ಯದ ರಾಜಧಾನಿ ಆಗಿದ್ದ ಊರು. 1490ರ ಸುಮಾರಿಗೆ ಯೂಸುಫ್ ಆದಿಲ್ ಖಾನ್ ಇಲ್ಲಿ ಸ್ವತಂತ್ರನಾಗಿ ಆಳಲು ಶುರು ಮಾಡಿದ. 1686ರಲ್ಲಿ ಔರಂಗಜೇಬ ಊರನ್ನು ಗೆದ್ದ. ಅಷ್ಟು ಕಾಲ ದರ್ಬಾರು, ಸೈನ್ಯ, ಸಂತೆ, ಸಂಗೀತ ಎಲ್ಲ ಇದ್ದ ಊರನ್ನು ಒಂದು ಗೋರಿ ನೋಡಿ ಮುಗಿಸೋಕೆ ಆಗಲ್ಲ, ಅಲ್ವಾ?

ಮೈಸೂರಿನಿಂದ ಅಕ್ಕ, ಭಾವ, ಇಬ್ಬರು ಮಕ್ಕಳು ಬರುತ್ತೇವೆ ಅಂದಾಗ ನಾನು ಮೊದಲು ಗೈಡ್ ಒಬ್ಬರನ್ನು ಗೊತ್ತು ಮಾಡಿದೆ. ಊರಿನವರು ಊರು ನೋಡೋಕೆ ಗೈಡ್ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ ಇಲ್ಲ. "ನಾ ಇಲ್ಲೇ ಹುಟ್ಟಿ ಬೆಳದಾಕಿ, ನನಗ್ಯಾಕೋ ಗೈಡ್?" ಅಂತ ಅಕ್ಕ ಫೋನಿನಲ್ಲೇ ತಕರಾರು ತೆಗೆದಳು. ನಾನು ಕೇಳಲಿಲ್ಲ. ಆ ಗೈಡ್‌ಗೆ ಎಲ್ಲರೂ ಕಾಕಾ ಅಂತಲೇ ಕರೆಯುತ್ತಾರೆ. ಅರವತ್ತು ದಾಟಿದವರು. ಕನ್ನಡ, ದಖನಿ, ಮರಾಠಿ ಮೂರೂ ಅವರಿಗೆ ಮನೆಮಾತಿನಷ್ಟೇ ಸಲೀಸು.

ಶುಕ್ರವಾರ

ಬೆಳಿಗ್ಗೆ ಏಳಕ್ಕೇ ಕಾಕಾ ಮನೆ ಮುಂದೆ ಹಾಜರು. ಡಿಸೆಂಬರ್ ಚಳಿಗೆ ತಲೆಗೆ ಮಫ್ಲರ್ ಸುತ್ತಿಕೊಂಡಿದ್ದರು. ಭಾವ ಕ್ಯಾಮೆರಾ ಹೆಗಲಿಗೇರಿಸಿ, "ಮೊದಲು ಗೋಲ್‌ಗುಂಬಜ್‌ಗೇ ಹೋಗೋದು ಅಲ್ವಾ?" ಅಂದರು.

"ಗುಮ್ಮಟ ಎಲ್ಲೂ ಓಡಿ ಹೋಗೂದಿಲ್ರಿ ಸಾಹೇಬ್ರ. ಅದನ್ನ ಕಡೀಕ ನೋಡೂಣು. ಊರಿಗೆ ಬಂದವರು ಮೊದಲ ಅಗಸಿ ನೋಡಬೇಕು, ಗ್ವಾಡಿ ನೋಡಬೇಕು."

ಹಾಗೆ ನಮ್ಮ ಸುತ್ತಾಟ ಊರಿನ ಪಶ್ಚಿಮದ ಕೋಟೆ ಗೋಡೆಯಿಂದ ಶುರುವಾಯಿತು. ಸುಮಾರು 10 ಕಿಲೋಮೀಟರ್ ಸುತ್ತಳತೆ, 96 ಬುರುಜು. ಮೆಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಫತೇ ಅಂತ ದೊಡ್ಡ ದ್ವಾರಗಳು. ಅಕ್ಕನ ಮಗಳು ಹೈಸ್ಕೂಲಿನಲ್ಲಿ ಓದುತ್ತಾಳೆ. ತಾಳಿಕೋಟೆ ಕದನ 1565 ಅಂತ ಬಾಯಿಪಾಠ ಮಾಡಿದ್ದಾಳೆ. ಕಾಕಾ ಅವಳನ್ನು ಗೋಡೆಯ ಹತ್ತಿರ ಕರೆದು, ಆ ಕಾಲಕ್ಕೇ ಒಂದನೇ ಅಲಿ ಆದಿಲ್ ಶಾ ಈ ಗೋಡೆ ಕಟ್ಟಿಸಿ ಮುಗಿಸಿದ ಅಂತ ಹೇಳಿದರು. ಒಬ್ಬೊಬ್ಬ ಸರದಾರನಿಗೆ ಒಂದೊಂದು ತುಂಡು ಗೋಡೆ ವಹಿಸಿದ್ದನಂತೆ. ಅದಕ್ಕೇ ಒಂದು ಕಡೆಯ ಕೆಲಸ ಇದ್ದಂತೆ ಇನ್ನೊಂದು ಕಡೆ ಇಲ್ಲ. ಒಂದು ಬುರುಜಿನ ಕಲ್ಲು ನುಣ್ಣಗೆ ಕೆತ್ತಿದ್ದು, ಪಕ್ಕದ್ದು ಒರಟು. ಅಷ್ಟು ಹೇಳಿದ ಮೇಲೆ ಮಕ್ಕಳು ಗೋಡೆ ಉದ್ದಕ್ಕೂ ಓಡಾಡಿ, ಒಬ್ಬ ಸರದಾರನ ಪಾಲು ಎಲ್ಲಿ ಮುಗಿಯಿತು, ಇನ್ನೊಬ್ಬನದು ಎಲ್ಲಿ ಶುರುವಾಯಿತು ಅಂತ ಹುಡುಕತೊಡಗಿದರು.

ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪಿದೆ. ಸುಮಾರು 14 ಅಡಿ ಉದ್ದ, 55 ಟನ್ ತೂಕ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿಯ ಕಡೆ ಸಿಂಹದ ಮುಖ. ಅದರ ಹಲ್ಲುಗಳ ನಡುವೆ ಆನೆ ಸಿಕ್ಕಿಹಾಕಿಕೊಂಡಿದೆ. ಯುದ್ಧದಲ್ಲಿ ಗೆದ್ದ ಮೇಲೆ ಇದನ್ನು 10 ಆನೆ, 400 ಎತ್ತು ಕಟ್ಟಿ ಎಳೆದು ತಂದರು ಅಂತ ಹೇಳುತ್ತಾರೆ. ಕೈಯಿಂದ ತಟ್ಟಿದರೆ ಗಂಟೆಯ ಸದ್ದು ಬರುತ್ತದೆ. ಕಿರಿಯವನು ಅಲ್ಲಿಂದ ಕದಲಲೇ ಇಲ್ಲ.

1854ರಲ್ಲಿ ಇದನ್ನು ಹಳೆ ಲೋಹ ಅಂತ ಹರಾಜಿಗೆ ಇಟ್ಟಿದ್ದರು. ಬಂದ ಬೆಲೆ 150 ರೂಪಾಯಿ. ಅಷ್ಟು ಕಡಿಮೆ ಆಯಿತು ಅಂತ ಮಾರಾಟ ನಿಲ್ಲಿಸಿದರು. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಯಾರಾದರೂ ಸ್ವಲ್ಪ ಹೆಚ್ಚು ಕೂಗಿದ್ದರೆ ತೋಪು ಕರಗಿ ಹೋಗಿರುತ್ತಿತ್ತು.

ಹತ್ತಿರದಲ್ಲೇ ಉಪಲಿ ಬುರುಜು. ಗೋಡೆಯಿಂದ ಬೇರೆಯಾಗಿ, ಊರೊಳಗೆ ಒಂಟಿಯಾಗಿ ನಿಂತ 80 ಅಡಿ ಎತ್ತರದ ಬುರುಜು. ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಮೇಲೇರುತ್ತವೆ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು. ಎಲ್ಲ ಸರದಾರರೂ ಗೋಡೆ ಕಟ್ಟುವಾಗ ಇವನು ದಂಡಯಾತ್ರೆಯಲ್ಲಿದ್ದನಂತೆ. ವಾಪಸ್ ಬಂದಾಗ ಗೋಡೆ ಮುಗಿದಿತ್ತು. ತನ್ನ ಹೆಸರು ಊರಲ್ಲಿ ಉಳಿಯಬೇಕು ಅಂತ ಎಲ್ಲಕ್ಕಿಂತ ಎತ್ತರದ ಬುರುಜನ್ನೇ ಕಟ್ಟಿಸಿದ ಅನ್ನುವುದು ಇಲ್ಲಿನ ಕಥೆ. ಮೇಲೆ ಉದ್ದನೆಯ ಕಬ್ಬಿಣದ ತೋಪುಗಳಿವೆ. ಒಂದು ಸುಮಾರು 30 ಅಡಿ.

ವಿಜಯಪುರಕ್ಕೆ ಮೊದಲ ಸಲ ಬಂದವರು ಇದನ್ನು ಮೊದಲು ಹತ್ತಬೇಕು. ಕಾಕಾ ಅದಕ್ಕೇ ಕರೆತಂದಿದ್ದರು. ಪೂರ್ವಕ್ಕೆ ಗೋಳಗುಮ್ಮಟ, ಪಶ್ಚಿಮಕ್ಕೆ ಇಬ್ರಾಹಿಂ ರೋಜಾದ ಮಿನಾರುಗಳು, ನಡುವೆ ಅರಕಿಲ್ಲೆಯ, ಅಂದರೆ ಒಳಕೋಟೆಯ, ಗಿಡಮರಗಳು. ಊರಿನ ನಕ್ಷೆ ಕಣ್ಣ ಮುಂದೆ ಬಿಚ್ಚಿಕೊಂಡಿತ್ತು. ಆಗ ಭಾವ ಒಂದು ಮಾತು ಕೇಳಿದರು. "ನದಿ ಎಲ್ಲಿದೆ?"

ಕಾಕಾನ ಮುಖ ಅರಳಿತು. "ಈಗ ಕೇಳಿದ್ರಿ ನೋಡ್ರಿ ಸರಿಯಾದ ಮಾತು. ನದಿ ಇಲ್ಲ. ಕೃಷ್ಣಾನೂ ದೂರ, ಭೀಮಾನೂ ದೂರ. ಡೋಣಿ ಅದ, ಅದರ ನೀರು ಉಪ್ಪು. ಹಂಗಿದ್ರ ಇಷ್ಟು ಮಂದಿ ಏನು ಕುಡೀತಿದ್ರು?"

ಉತ್ತರ ತೋರಿಸಲು ಅವರು ನಮ್ಮನ್ನು ಮೆಕ್ಕಾ ದ್ವಾರದ ಹತ್ತಿರದ ತಾಜ್ ಬಾವಡಿಗೆ ಕರೆದುಕೊಂಡು ಹೋದರು. ರಸ್ತೆಯಿಂದ ನೋಡಿದರೆ ಒಂದು ದೊಡ್ಡ ಕಮಾನು, ಎರಡು ಪಕ್ಕ ಎಂಟು ಮೂಲೆಯ ಗೋಪುರ ಅಷ್ಟೇ. ಕಮಾನು ದಾಟಿದರೆ ಕಾಲ ಕೆಳಗೆ ಕೆರೆಯಷ್ಟು ಅಗಲದ ಬಾವಿ. ಇದನ್ನು 1620ರಲ್ಲಿ ಮಲಿಕ್ ಸಂದಲ್ ಎಂಬವನು ಇಬ್ರಾಹಿಂ ಆದಿಲ್ ಶಾನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿಸಿದ. ಪಕ್ಕದಲ್ಲಿ ದಾರಿಹೋಕರು ಉಳಿಯಲು ಕೋಣೆಗಳಿದ್ದವು. ನಾನು ಚಿಕ್ಕವನಿದ್ದಾಗ ಇಲ್ಲಿ ಮೂಗು ಮುಚ್ಚಿಕೊಂಡು ಹೋಗಬೇಕಿತ್ತು. ಆಮೇಲೆ ಹೂಳು ತೆಗೆದು ಸ್ವಚ್ಛ ಮಾಡಿದರು. ನೀರು ಮತ್ತೆ ಕಾಣಿಸಿತು. ಅಕ್ಕ ಮೆಟ್ಟಿಲ ಮೇಲೆ ಕೂತು ಸುಮ್ನೆ ನೋಡುತ್ತಿದ್ದಳು. "ಖರೇ ಹೇಳತೀನಿ ತಮ್ಮಾ, ಇಲ್ಲಿಗೆ ನಾ ಒಮ್ಮೆನೂ ಬಂದಿಲ್ಲ" ಅಂದಳು.

ಊಟಕ್ಕೆ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೈಸೂರಿನ ಮಕ್ಕಳು ಗುರೆಳ್ಳು ಚಟ್ನಿಯನ್ನು ಮೊದಲ ಸಲ ತಿಂದು ಎರಡನೇ ಸಲ ಕೇಳಿ ಹಾಕಿಸಿಕೊಂಡರು.

ಇಳಿಹೊತ್ತಿಗೆ ಇಬ್ರಾಹಿಂ ರೋಜಾ. ಇದನ್ನು ನೋಡೋಕೆ ಸಂಜೆಯ ಬಿಸಿಲೇ ಸರಿ. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ಕಾರಂಜಿಯ ಹೊಂಡ. ಇಬ್ರಾಹಿಂ ಇದನ್ನು ರಾಣಿಗೆಂದು ಶುರು ಮಾಡಿದ. 1627ರಲ್ಲಿ ತಾನೂ ಇಲ್ಲೇ ಮಣ್ಣಾದ. ಇಲ್ಲಿನ ಕಿಟಕಿಗಳನ್ನು ಹತ್ತಿರ ಹೋಗಿ ನೋಡಬೇಕು. ಜಾಲರಿ ಅಂತ ಅಂದುಕೊಂಡಿದ್ದು ನಿಜಕ್ಕೂ ಅಕ್ಷರಗಳು. ಕಲ್ಲಿನಲ್ಲಿ ಬರಹ ಕೊರೆದು, ಅಕ್ಷರಗಳ ನಡುವಿನ ಸಂದಿಯಿಂದ ಒಳಗೆ ಬೆಳಕು ಬಿಟ್ಟಿದ್ದಾರೆ. ಒಳಗೆ ಗೋರಿಯ ಮೇಲಿನ ಚಾವಣಿ ಚಪ್ಪಟೆ ಕಲ್ಲುಗಳದ್ದು, ಕೆಳಗೆ ಒಂದು ಕಂಬವೂ ಇಲ್ಲ. ಮಸೀದಿಯ ಸೂರಿನಿಂದ ಒಂದೇ ಕಲ್ಲಿನಲ್ಲಿ ಕೆತ್ತಿದ ಸರಪಳಿ ಇಳಿಬಿದ್ದಿದೆ.

ಇಲ್ಲಿಗೆ ಬಂದವರಿಗೆ ಯಾರಾದರೂ ತಾಜ್‌ಮಹಲಿಗೂ ಇದೇ ಮಾದರಿ ಅಂತ ಹೇಳಿಯೇ ಹೇಳುತ್ತಾರೆ. ನನಗೆ ಆ ಮಾತು ಬೇಡ. ಇದರ ಚೆಲುವಿಗೆ ಆಗ್ರಾದ ಚೀಟಿ ಯಾಕೆ ಬೇಕು? ಇಬ್ರಾಹಿಂ ಸರಸ್ವತಿಯನ್ನು ತಾಯಿ ಅಂತ ಕರೆದು ದಖನಿಯಲ್ಲಿ ಹಾಡು ಕಟ್ಟಿದವನು. ಜನ ಅವನನ್ನು ಜಗದ್ಗುರು ಬಾದಶಾ ಅಂದರು. ಅವನ ತಂಬೂರಿಗೆ ಮೋತಿಖಾನ್ ಅಂತ ಹೆಸರಿತ್ತು. ಇಷ್ಟು ಹೇಳಿದರೆ ಸಾಕು, ಬಂದವರು ಈ ಕಟ್ಟಡವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಶನಿವಾರ

ಜಾಮಿಯಾ ಮಸೀದಿಯನ್ನು ಕಾಕಾ ಬೇಕಂತಲೇ ಶನಿವಾರಕ್ಕೆ ಇಟ್ಟಿದ್ದರು. ಶುಕ್ರವಾರ ನಮಾಜಿಗೆ ಜನ ಜಾಸ್ತಿ. ಪ್ರಾರ್ಥನೆ ನಡೆಯುವ ಜಾಗಕ್ಕೆ ಕ್ಯಾಮೆರಾ ಹಿಡಿದು ನುಗ್ಗುವುದು ಅವರಿಗೆ ಇಷ್ಟವಿಲ್ಲ. ಹೊರಗೇ ಚಪ್ಪಲಿ ಬಿಡಿಸಿದರು. ಅಕ್ಕ, ಮಗಳು ಸೆರಗು, ದುಪಟ್ಟಾ ತಲೆ ಮೇಲೆ ಹೊದ್ದುಕೊಂಡರು.

ಇದನ್ನೂ ಒಂದನೇ ಅಲಿ ಆದಿಲ್ ಶಾನೇ ಶುರು ಮಾಡಿದ್ದು. ಮುಂದಿನ ಎರಡು ಮಿನಾರು ಕೊನೆಗೂ ಆಗಲೇ ಇಲ್ಲ. ನೆಲದ ಮೇಲೆ 2250 ಚೌಕಗಳಿವೆ, ಒಬ್ಬೊಬ್ಬರಿಗೆ ಒಂದು. ಇದ್ದ ಮಖಮಲ್ ಹಾಸನ್ನು ಔರಂಗಜೇಬ ಒಯ್ದು, ಅದರ ಬದಲು ಈ ಗೆರೆ ಹಾಕಿಸಿದ ಅಂತ ಇಲ್ಲಿಯವರು ಹೇಳುತ್ತಾರೆ. ಮೆಕ್ಕಾದ ದಿಕ್ಕು ತೋರಿಸುವ ಗೋಡೆಗೂಡಿಗೆ ಮಿಹ್ರಾಬ್ ಅನ್ನುತ್ತಾರೆ. ಅದರ ಬಂಗಾರದ ಕೆಲಸ ಕಣ್ಣು ಕೋರೈಸುತ್ತದೆ. ನನಗೆ ಮಾತ್ರ ಉಳಿದ ಭಾಗವೇ ಹೆಚ್ಚು ಇಷ್ಟ. ಬಿಳಿ ಕಮಾನುಗಳು ಒಂದರ ಹಿಂದೆ ಒಂದು, ಬೇರೆ ಯಾವ ಅಲಂಕಾರವೂ ಇಲ್ಲ.

ಅಲ್ಲಿಂದ ಟಾಂಗಾ. ಟಾಂಗಾ ಇನ್ನೂ ಓಡುವ ಊರು ನಮ್ಮದು. ಮಕ್ಕಳನ್ನು ಮುಂದೆ ಕೂರಿಸಿಕೊಂಡು ಅರಕಿಲ್ಲೆಯ ಕಡೆ ಹೊರಟೆವು. ಆಸರ್ ಮಹಲ್ ಮುಂದೆ ದೊಡ್ಡ ಹೊಂಡ, ಎತ್ತರದ ಮರದ ಕಂಬಗಳು. ಮಹಮ್ಮದ್ ಆದಿಲ್ ಶಾ 1646ರ ಸುಮಾರಿಗೆ ಇದನ್ನು ನ್ಯಾಯ ಹೇಳುವ ಮಹಲಾಗಿ ಕಟ್ಟಿಸಿದ. ಆಮೇಲೆ ಪ್ರವಾದಿಯವರ ಕೂದಲನ್ನು ಇಲ್ಲಿ ಇಟ್ಟರು. ಒಳಗೆ ಹೆಂಗಸರಿಗೆ ಪ್ರವೇಶ ಇಲ್ಲ. ಹಾಗಾಗಿ ಎಲ್ಲರೂ ಹೊರಗಿನಿಂದಲೇ ನೋಡಿದೆವು.

ಅರಕಿಲ್ಲೆ ಅಂದರೆ ಒಳಕೋಟೆ. ರಾಜಧಾನಿಯ ಕೆಲಸ ನಡೆದದ್ದು ಇಲ್ಲಿ. ಗಗನ ಮಹಲ್ 1561ರದ್ದು. ದರ್ಬಾರ್ ಹಾಲಿನ ನಡುವಿನ ಕಮಾನು ಸುಮಾರು 60 ಅಡಿ ಅಗಲ. ಸೂರು ಮರದ್ದಾಗಿತ್ತು, ಹೋಗಿದೆ. ಕಲ್ಲಿನ ಕಮಾನು ಉಳಿದಿದೆ. ಕಾಕಾ ನಮ್ಮನ್ನೆಲ್ಲ ಹುಲ್ಲಿನ ಮೇಲೆ ಕೂರಿಸಿದರು. "ನೀವು ಈಗ ಕುಂತದ್ದು ಪ್ರಜೆಗಳು ಕೂಡೂ ಜಾಗ. ಬಾದಶಾ ಅಲ್ಲಿ, ಆ ಕಮಾನಿನ ಒಳಗ. ಅಷ್ಟು ದೂರದಿಂದನೂ ಎಲ್ಲಾರಿಗೂ ಕಾಣಬೇಕು ಅಂತ ಕಮಾನು ಅಷ್ಟು ಅಗಲ."

ಆಮೇಲೆ 1686ರ ಸೆಪ್ಟೆಂಬರ್ ಬಗ್ಗೆ ಹೇಳಿದರು. ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾ ಇನ್ನೂ ಹುಡುಗ. ಅವನನ್ನು ಬೆಳ್ಳಿ ಸರಪಳಿಯಲ್ಲಿ ಬಿಗಿದು ಔರಂಗಜೇಬನ ಮುಂದೆ ತಂದು ನಿಲ್ಲಿಸಿದ್ದು ಇದೇ ಮಹಲಿನಲ್ಲಿ. ಅಕ್ಕನ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾಮ, ಆಮೇಲೆ ಊರಲ್ಲಿ ಯಾರಿದ್ರು?" ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ದರ್ಬಾರು ಹೋದರೆ ಅದನ್ನು ನಂಬಿದವರೂ ಹೋಗಬೇಕು. ಕಸೂತಿಯವರು, ಚಿತ್ರಗಾರರು, ಹಾಡುಗಾರರು, ಕಲ್ಲುಕುಟಿಗರು ಅನ್ನ ಹುಡುಕಿಕೊಂಡು ಚದುರಿದರು. ಊರು ಖಾಲಿಯಾಗುತ್ತಾ ಬಂತು. 1885ರಲ್ಲಿ ಜಿಲ್ಲೆಯ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಮತ್ತೆ ಜೀವ ಬಂತು. ಪಾಳುಬಿದ್ದ ಮಹಲುಗಳನ್ನೇ ರಿಪೇರಿ ಮಾಡಿ ಕಚೇರಿ ಮಾಡಿಕೊಂಡರು. ಇವತ್ತಿಗೂ ನಮ್ಮೂರಿನಲ್ಲಿ ಅರ್ಜಿ ಕೊಡಲು ಹೋದವರು ಆದಿಲ್ ಶಾಹಿ ಕಮಾನುಗಳ ಪಕ್ಕದಲ್ಲೇ ಹಾದುಹೋಗುತ್ತಾರೆ.

ಬಾರಾ ಕಮಾನ್ ಅಲ್ಲಿಂದ ನಡೆದು ಹೋಗುವಷ್ಟು ದೂರ. ಎರಡನೇ ಅಲಿ ಆದಿಲ್ ಶಾ ತನ್ನ ಗೋರಿಗೆಂದು ಶುರು ಮಾಡಿದ್ದು. 1672ರಲ್ಲಿ ಅವನು ತೀರಿಕೊಂಡ, ಕಟ್ಟಡ ಅರ್ಧಕ್ಕೇ ನಿಂತಿತು. ಆಕಾಶದ ಕೆಳಗೆ ಬರೀ ಕಪ್ಪು ಕಮಾನುಗಳು. ಫೋಟೋ ತೆಗೆಯಲು ಭಾವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲ.

ಸಂಜೆ ತೊರವಿಗೆ ಹೋದೆವು. ಊರಿನಿಂದ ಪಶ್ಚಿಮಕ್ಕಿರುವ ಹಳ್ಳಿ. ನರಸಿಂಹನ ಗುಡಿಗೆ ಕೈಮುಗಿದು, ಆಮೇಲೆ ಸಂಗೀತ ಮಹಲ್ ನೋಡಿದೆವು. ಇಬ್ರಾಹಿಂ 1599ರಲ್ಲಿ ಇಲ್ಲಿ ನವರಸಪುರ ಅಂತ ಹೊಸ ಊರನ್ನೇ ಕಟ್ಟಲು ಹೊರಟಿದ್ದ. 1624ರಲ್ಲಿ ಅಹಮದ್‌ನಗರದ ಸೇನಾಪತಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ.

ಆದರೆ ಕಾಕಾ ನಮ್ಮನ್ನು ತೊರವಿಗೆ ಕರೆತಂದದ್ದು ನೀರಿನ ಸಲುವಾಗಿ. ಒಂದನೇ ಅಲಿ ಆದಿಲ್ ಶಾನ ಕಾಲದಲ್ಲಿ ಇಲ್ಲಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ಒಯ್ದರು. ಪರ್ಷಿಯಾದಲ್ಲಿ ಇದ್ದ ಕರೇಜ್ ಪದ್ಧತಿ. ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ಕಂಡಿ ತೋಡಿದ್ದಾರೆ. ಸುರಂಗಕ್ಕೆ ಗಾಳಿ ಹೋಗಬೇಕು, ಹೂಳು ತೆಗೆಯಲು ಜನ ಇಳಿಯಬೇಕು, ಅದಕ್ಕೆ. ನಮ್ಮ ಕಡೆ ಇವಕ್ಕೆ ಸುರಂಗ ಬಾವಡಿ ಅನ್ನುತ್ತಾರೆ. ನೆಲದ ಇಳಿಜಾರು ಹಿಡಿದು ನೀರು ತಾನಾಗೇ ಹರಿಯುತ್ತಿತ್ತು. ಎತ್ತುವ ಕೆಲಸ ಇಲ್ಲ, ಬಿಸಿಲಿಗೆ ಆರುವ ಭಯ ಇಲ್ಲ.

ಕಾಕಾ ಕಂಡಿಯ ಪಕ್ಕ ನಿಂತು ಬಗ್ಗಿ ತೋರಿಸಿದರು. ಕೆಲವು ಕಂಡಿಗಳಲ್ಲಿ ಕಸ ತುಂಬಿದೆ. ನೋಡಲು ಬೇಜಾರಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾದು ಕೂತ ಓಣಿಗಳಲ್ಲಿ ಬೆಳೆದವನು ನಾನು. ಇಷ್ಟು ಜಾಣ ಕೆಲಸದ ಮೇಲೆ ಕಸ ಸುರಿಯುವುದನ್ನು ನಿಲ್ಲಿಸಲೇಬೇಕು.

ಭಾನುವಾರ

ಗೋಳಗುಮ್ಮಟದ ಗೇಟು ಬೆಳಿಗ್ಗೆ ಆರಕ್ಕೆ ತೆಗೆಯುತ್ತಾರೆ. ಆ ಹೊತ್ತಿಗೇ ಹೋಗಬೇಕು. ಎಂಟು ದಾಟಿದರೆ ಶಾಲಾ ಮಕ್ಕಳ ಬಸ್ಸುಗಳು ಬರುತ್ತವೆ, ಆಮೇಲೆ ಮೇಲೆ ಬರೀ ಕೂಗು.

ಕಾಕಾ ನೇರ ಮೆಟ್ಟಿಲಿಗೆ ಬಿಡಲಿಲ್ಲ. ಕೆಳಗೆ ನಡುಮನೆಯಲ್ಲಿ ನಿಲ್ಲಿಸಿ ತಲೆ ಎತ್ತಿಸಿದರು. ಮಧ್ಯದಲ್ಲಿ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾ, ಪಕ್ಕದಲ್ಲಿ ಅವನ ಬೇಗಮರು, ಅವನ ಪ್ರೇಯಸಿ ರಂಭಾ. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು. ಹೊರಗಿನ ಅಳತೆಯಲ್ಲಿ ಗುಮ್ಮಟದ ಅಗಲ 44 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಚೌಕದ ಮೇಲೆ ದುಂಡು ಹೇಗೆ ಕೂತಿತು?

ಕಾಕಾ ಜೇಬಿನಿಂದ ಎರಡು ಕರವಸ್ತ್ರ ತೆಗೆದರು. ಒಂದನ್ನು ನೆಲದ ಮೇಲೆ ಚೌಕವಾಗಿ ಹಾಸಿದರು. ಇನ್ನೊಂದನ್ನು ಅದರ ಮೇಲೆ ಓರೆಯಾಗಿ ಇಟ್ಟರು. ಎಂಟು ಮೂಲೆಯ ನಕ್ಷತ್ರ ಆಯಿತು. "ಈಗ ನಡುವಿನ ಜಾಗ ನೋಡ್ರಿ, ಹೆಚ್ಚುಕಡಿಮಿ ದುಂಡಗ ಆತಿಲ್ಲೋ?" ಎಂಟು ಗೋಡೆಕಮಾನುಗಳು ಒಂದನ್ನೊಂದು ಹಾಯ್ದು ಹೀಗೆಯೇ ಚೌಕವನ್ನು ದುಂಡಾಗಿಸುತ್ತವೆ. ಗುಮ್ಮಟ ಹೊರಕ್ಕೆ ದೂಡುತ್ತದೆ, ಕಮಾನುಗಳ ಮೇಲಿನ ಭಾರ ಒಳಕ್ಕೆ ಎಳೆಯುತ್ತದೆ. ಎರಡೂ ಸರಿದೂಗಿ ನಿಂತಿವೆ. ಭಾವ ಎಂಜಿನಿಯರ್. ಕರವಸ್ತ್ರದ ಮುಂದೆ ಕೂತು ತಾವೂ ಎರಡು ಸಲ ತಿರುಗಿಸಿ ನೋಡಿದರು.

ಆಮೇಲೆ ಮೂಲೆಯ ಗೋಪುರದ ಕಿರಿದಾದ ಮೆಟ್ಟಿಲು, ಏಳು ಅಂತಸ್ತು. ಮೇಲೆ ಪಿಸುಮಾತಿನ ಮೊಗಸಾಲೆ. ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಾಕಾ ಆಚೆ ಬದಿಗೆ ಹೋಗಿ ಗೋಡೆಗೆ ಮುಖ ಮಾಡಿ ಕಾಗದ ಹರಿದರು. ಆ ಸದ್ದು ನಮ್ಮ ಕಿವಿಯ ಪಕ್ಕದಲ್ಲೇ ಕೇಳಿಸಿತು. ಮಕ್ಕಳು ಪಿಸುಗುಟ್ಟಿ ಆಡಿದರು. ಅಕ್ಕ ಒಂದು ಚಪ್ಪಾಳೆ ತಟ್ಟಿದಳು. ಅದು ಏಳು ಸಲ ಮರಳಿ ಬರುವುದನ್ನು ಇಷ್ಟು ಸ್ಪಷ್ಟವಾಗಿ ನಾನು ಎಂದೂ ಕೇಳಿರಲಿಲ್ಲ. ಕೂಗದೇ ಇದ್ದರೆ ಎಷ್ಟೆಲ್ಲ ಕೇಳುತ್ತದೆ! ಇಲ್ಲಿಗೆ ಬರುವವರಲ್ಲಿ ನನ್ನ ವಿನಂತಿ ಇಷ್ಟೇ. ಒಬ್ಬೊಬ್ಬರೇ ಮಾತಾಡಿ, ಉಳಿದವರು ಸುಮ್ಮನಿರಿ.

ಕೆಳಗೆ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ. ಮಕ್ಕಳಿಗೆ ಹಸಿವಾಗಿತ್ತು, ಬೇಗ ಮುಗಿಸಿದೆವು.

ತಿಂಡಿ ತಿಂದು ಕುಮಟಗಿಗೆ ಹೊರಟೆವು. ಊರಿನಿಂದ ಪೂರ್ವಕ್ಕೆ ಸುಮಾರು 16 ಕಿಲೋಮೀಟರ್. ದಾರಿ ಉದ್ದಕ್ಕೂ ಎರೆಮಣ್ಣು, ಬಿಳಿಜೋಳ, ಕಡಲೆ, ತೊಗರಿ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅನ್ನುವ ಗಾದೆಯನ್ನು ಅಕ್ಕ ಮಕ್ಕಳಿಗೆ ಹೇಳಿಕೊಟ್ಟಳು.

ಕುಮಟಗಿ ಸುಲ್ತಾನರು ಬೇಸಿಗೆಯಲ್ಲಿ ಬಂದು ಇರುತ್ತಿದ್ದ ಜಾಗ. ಹೊಂಡದ ನಡುವೆ ಎರಡಂತಸ್ತಿನ ಪುಟ್ಟ ಮಂಟಪ. ಚಾವಣಿಯಲ್ಲಿ ಕಲ್ಲಿನ ಹೂವುಗಳು, ಹೂವುಗಳಲ್ಲಿ ತೂತು. ಪಕ್ಕದ ಗೋಪುರಕ್ಕೆ ನೀರು ಎತ್ತಿ ತುಂಬಿ, ಅಲ್ಲಿಂದ ಕೊಳವೆಯಲ್ಲಿ ಬಿಟ್ಟರೆ ಆ ತೂತುಗಳಿಂದ ಮಳೆ ಹನಿದಂತೆ ಬೀಳುತ್ತಿತ್ತು. ಇನ್ನೊಂದು ಕಟ್ಟಡದ ಗೋಡೆಯ ಮೇಲೆ ಚಿತ್ರಗಳಿವೆ. ಕುದುರೆ ಮೇಲೆ ಕೂತು ಚೆಂಡಾಡುವವರು, ಕುಸ್ತಿಯವರು. ಬಣ್ಣ ಬಹಳ ಮಾಸಿದೆ. ಮೇಲೆ ಯಾರ್‍ಯಾರೋ ತಮ್ಮ ಹೆಸರು ಗೀಚಿದ್ದಾರೆ. ಕಾಕಾ ಬೆರಳಿನಿಂದ ಗಾಳಿಯಲ್ಲೇ ಗೆರೆ ಎಳೆದು, "ಇದು ಕುದುರಿ ಕಾಲು, ಇದು ಕೋಲು" ಅಂತ ಒಂದೊಂದಾಗಿ ತೋರಿಸಿದರು. ಅವರಿಲ್ಲದೆ ಹೋಗಿದ್ದರೆ ಅದು ನಮಗೆ ಬರೀ ಕಲೆ ಹತ್ತಿದ ಗೋಡೆ.

"ಅಷ್ಟು ದೂರ ಊರೊಳಗೂ ಕೊಳವೆಯಲ್ಲೇ ನೀರು ಬರ್ತಿತ್ತಾ?" ಅಂತ ಕಿರಿಯವನು ಕೇಳಿದ.

ಅದಕ್ಕೇ ವಾಪಸ್ ಬರುವಾಗ ಊರೊಳಗಿನ ಒಂದು ಗಂಜ್ ಮುಂದೆ ಗಾಡಿ ನಿಲ್ಲಿಸಿದೆವು. ಗಂಜ್ ಅಂದರೆ ನೀರಿನ ಗೋಪುರ. ಮಹಮ್ಮದ್ ಆದಿಲ್ ಶಾ 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿ, ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ಊರಿಗೆ ನೀರು ತಂದ. ದಾರಿಯಲ್ಲಿ ನೀರಿನ ಒತ್ತಡ ಹೆಚ್ಚಾದರೆ ಕೊಳವೆ ಒಡೆಯುತ್ತದೆ. ಅದಕ್ಕೇ ಅಲ್ಲಲ್ಲಿ ಗಂಜ್ ಕಟ್ಟಿ ನೀರನ್ನು ಮೇಲೇರಿಸಿ, ಒತ್ತಡ ಇಳಿಸಿ, ಮುಂದಿನ ಓಣಿಗೆ ಬಿಡುತ್ತಿದ್ದರು. ಕೆಸರು ತಳದಲ್ಲಿ ಉಳಿಯುತ್ತಿತ್ತು. ಇದನ್ನು ನಾನು ದಿನಾ ದಾಟಿ ಹೋಗುತ್ತೇನೆ. ಬೋರ್ಡಿಲ್ಲ, ಟಿಕೆಟ್ಟಿಲ್ಲ. ಭಾವ ಮೂರು ಕಡೆಯಿಂದಲೂ ಅದರ ಫೋಟೋ ತೆಗೆದರು. ಅಷ್ಟರಲ್ಲಿ ಎದುರಿನ ಅಂಗಡಿಯವರು ಬಂದು ಏನು ನೋಡುತ್ತಿದ್ದೀರಿ ಅಂತ ಕೇಳಿದರು. ಕಾಕಾ ಅವರಿಗೂ ಮೊದಲಿನಿಂದ ಹೇಳಲು ಶುರು ಮಾಡಿದರು.